ಡ್ರೈವರ್ ಕೇಳಲು ಹೋದ ಹೆಂಗಸರು

ಅಕ್ಟೋಬರ್ 6, ಸೋಮವಾರ

ಮತ್ತೆ ಬೋರ್ಡ್ ಮೀಟಿಂಗ್. ಮತ್ತೆ ಬದನೆಕಾಯಿ ವಾಸನೆ. ಕೆಳಗೆ ನಮ್ಮ ಸಲ್ತ್ ಹೆಂಗಸರ ಸಂಘದ ಅಂಗಳದಲ್ಲಿ ಹಂಡೆಗಟ್ಟಲೆ ಬೇಯುತ್ತಿತ್ತು. ಅಕ್ರೋಡು ತುಂಬಿ ಎಣ್ಣೆಯಲ್ಲಿ ಇಡುವ ಮಕ್ದೂಸಿಗೆ ಆರ್ಡರ್ ಮೇಲೆ ಆರ್ಡರ್, ತುಂಬಲು ಕೈಗಳೇ ಇಲ್ಲ. ಮಹಡಿಯ ಮೇಲೆ ನಾವು ಮೂವರು ಟ್ರಸ್ಟಿಗಳು ಕಿಟಕಿ ಮುಚ್ಚಿಕೊಂಡು ಕೂತೆವು. ಉಳಿದಿಬ್ಬರು ಎಂದಿನಂತೆ ‘ದಾರಿಯಲ್ಲಿದ್ದಾರೆ’.

ಮುಯಸ್ಸರ್ ಮೇಡಂ ಅಧ್ಯಕ್ಷೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು, ಈಗಲೂ ಆಗಿಯೇ ಇದ್ದಾರೆ. ಮಾತು ಶುರು ಮಾಡಿದರೆ ಸಂಘ ಹುಟ್ಟಿದ ದಿನದಿಂದಲೇ ಬರಬೇಕು. ಅವರು ಗಂಟಲು ಸರಿಮಾಡಿಕೊಂಡ ಕೂಡಲೇ ನನ್ನ ಕೈ ತಾನಾಗಿ ಕಾಫಿ ಬಟ್ಟಲಿಗೆ ಹೋಗುತ್ತದೆ. ಇಲ್ಲದಿದ್ದರೆ ತೂಕಡಿಕೆ. ಪಕ್ಕದಲ್ಲಿ ಖಜಾಂಚಿ ವಾಯ್ಲೆಟ್ ಅನ್ನ ತುಂಬಲು ಕೋಸಾ ಕಾಯಿಯ ತಿರುಳು ಕೊರೆಯುತ್ತ ಕೂತಿರುತ್ತಾಳೆ. ಮನೆಯ ಅಡುಗೆ ಕೆಲಸವನ್ನೂ ಮೀಟಿಂಗಿಗೇ ತರುವವಳು.

ಇವತ್ತಿನ ವಿಷಯ ವ್ಯಾನು. ಹಳ್ಳಿಗಳಿಂದ ಹೆಂಗಸರನ್ನು ಕೆಲಸಕ್ಕೆ ಕರೆತರಲೆಂದು ಕುವೈತಿನಲ್ಲಿರುವ ನಮ್ಮೂರಿನವರು ಕೊಟ್ಟ ವ್ಯಾನು ಸುಮ್ಮನೆ ನಿಂತಿದೆ. ಮುದುಕ ಡ್ರೈವರ್ ಮಗನ ಮನೆಗೆಂದು ಅಕಬಾಕ್ಕೆ ಹೋಗಿಬಿಟ್ಟ. ಬೇರೆ ಗಂಡಸು ಸಿಗುತ್ತಾನೆ, ಆದರೆ ಗುರುತಿಲ್ಲದವನ ಜೊತೆ ಸೊಸೆಯಂದಿರನ್ನು ಕಳಿಸಲು ಕೆಳಗಿನ ಹಳ್ಳಿಯವರು ತಯಾರಿಲ್ಲ. ಹೆಂಗಸರು ಬರುತ್ತಿಲ್ಲ. ಅವರಿಗೆ ದುಡಿಮೆ ಇಲ್ಲ, ನಮಗೆ ಕೈಗಳಿಲ್ಲ.

“ನಮ್ಮ ಅಡುಗೆಮನೆಯ ಖಿತಾಮ್ ಇದ್ದಾಳಲ್ಲ. ಲೈಸೆನ್ಸೂ ಇದೆ” ಎಂದೆ.

ಮೇಡಂ ಸುಮ್ಮನಾದರು! ಟ್ರಸ್ಟಿಯಾಗಿ ಎಂಟು ತಿಂಗಳಾಯಿತು, ನಾನು ಆಡಿದ ಮೊದಲ ಉಪಯೋಗದ ಮಾತು ಇದೇ ಇರಬೇಕು.

ಅಕ್ಟೋಬರ್ 9, ಗುರುವಾರ

ಸಂಘದ ಅಡುಗೆಮನೆಯಲ್ಲಿ ಖಿತಾಮ್ ಸಿಕ್ಕಳು. ಅಕ್ರೋಡು ಒಡೆಯುತ್ತಿದ್ದಳು. ಇನ್ನೂ ಚಿಕ್ಕ ವಯಸ್ಸು, ಗಂಡ ರಾತಿಬ್ ತೀರಿಕೊಂಡು ಮೂರು ವರ್ಷ. ಮಗಳನ್ನು ಇಟ್ಟುಕೊಂಡು ಅತ್ತೆ ಮಾವನ ಜೊತೆ ಮೇಲಿನ ಕೇರಿಯಲ್ಲಿದ್ದಾಳೆ. ಡ್ರೈವಿಂಗ್ ಕಲಿಸಿದ್ದು ಗಂಡನೇ.

“ಓಡಿಸ್ತೀಯೇನೇ?” ಎಂದೆ.

“ಖಾಲಾ, ಕೇಳಬೇಡಿ. ಆಸೆ ಹುಟ್ಟಿಸಿ ಆಮೇಲೆ ಕೈ ಬಿಡಬೇಡಿ.”

ಕೀಲಿ ಕೊಟ್ಟೆ. ಸಂಘದ ಹಿಂದಿನ ಓಣಿ ಗೊತ್ತಲ್ಲ, ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಗೋಡೆ, ಕತ್ತೆಯೂ ಯೋಚಿಸಿ ತಿರುಗುವ ಜಾಗ. ಒಂದೇ ಸಲಕ್ಕೆ ವ್ಯಾನು ಹಿಂದಕ್ಕೆ ತಂದು ನಿಲ್ಲಿಸಿದಳು. ಕೆಳಗಿಳಿದಾಗ ಮುಖ ನೋಡಬೇಕಿತ್ತು. ಮದುವೆಯ ದಿನವೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ ಹುಡುಗಿ.

“ನಂಗೆ ಅಡುಗೆ ಬೇಡ ಖಾಲಾ. ನಂಗೆ ಇದು ಬೇಕು. ಆದ್ರೆ ಮಾವ ಬಿಡಲ್ಲ. ಒಂದ್ಸಲ ಕೇಳ್ದೆ, ‘ನಮ್ಮನೇಲಿ ಹೆಂಗಸರು ಗಾಡಿ ಓಡಿಸಲ್ಲ’ ಅಂದ್ರು. ಎದ್ದು ಹೋದ್ರು.”

ಮಾವ ಅಬೂ ರಾತಿಬ್. ಮಗ ಹೋದರೂ ಊರು ಅವರನ್ನು ಕರೆಯುವುದು ‘ರಾತಿಬ್‌ನ ಅಪ್ಪ’ ಎಂದೇ. ಸೈನ್ಯದಲ್ಲಿದ್ದವರು. ನನ್ನ ಮನೆಯವರಿಗೆ ಪರಿಚಯ. ಬೀದಿಯಲ್ಲಿ ಎದುರಾದರೆ ಎದೆ ಮೇಲೆ ಕೈಯಿಟ್ಟು ನಮಸ್ಕರಿಸುವ ಗಂಭೀರ ಮನುಷ್ಯ. ಅವರಿಗೆ ಹೇಳುವವರು ಯಾರು?

ಅಕ್ಟೋಬರ್ 13, ಸೋಮವಾರ

ತೀರ್ಮಾನ ಆಯಿತು. ಜಾಹ ಹೋಗುವುದು! ಹೆಣ್ಣು ಕೇಳಲು ಊರ ಹಿರಿಯರು ಗುಂಪಾಗಿ ಹೋಗುತ್ತಾರಲ್ಲ, ಹಾಗೆಯೇ. ವಾಯ್ಲೆಟ್ ತಮಾಷೆಗೆ ಅಂದದ್ದು. ಮೇಡಂ ನಿಜವೆಂದೇ ಹಿಡಿದುಕೊಂಡರು.

“ಮುಂದೆ ನಿಂತು ಮಾತಾಡೋಕೆ ಒಬ್ಬ ಗಂಡಸು ಬೇಕಲ್ಲ” ಎಂದಳು ವಾಯ್ಲೆಟ್.

“ಯಾಕೆ? ಸಂಘ ನಮ್ಮದು, ವ್ಯಾನು ನಮ್ಮದು, ಬಾಯಿ ಅವರದಾ? ನಾನೇ ಮಾತಾಡ್ತೀನಿ” ಎಂದರು ಮೇಡಂ.

ಆಮೇಲೆ ಪಾಠ ಶುರು. ಕಾಫಿ ಕೊಟ್ಟರೆ ತಗೊಂಡು ಮುಂದೆ ಇಡಬೇಕು. ಮನೆಯ ಯಜಮಾನ ‘ನಿಮ್ಮ ಕೆಲಸ ಆಯ್ತು, ಕುಡೀರಿ’ ಅನ್ನುವವರೆಗೂ ಮುಟ್ಟಕೂಡದು. ಕುಡಿದರೆ ಮುಗಿಯಿತು, ಮತ್ತೆ ಬೇಡಿಕೆ ಇಲ್ಲ. ಯಾರಿಗೆ ಹೇಳುತ್ತಿದ್ದಾರೆ ಈಯಮ್ಮ? ನಾಲ್ಕು ಮಕ್ಕಳ ಮದುವೆ ಮಾಡಿದವಳು ನಾನು!

ಮನೆಗೆ ಬಂದು ನಮ್ಮ ಮನೆಯವರಿಗೆ, ಅಬೂ ಝೈದೂನ್‌ಗೆ, ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೆಹರ್ ಎಷ್ಟು ಕೊಡ್ತೀರಿ? ನಾಲ್ಕು ಟೈರಾ?” ಎಂದರು. ನಗಲಿ. ಈ ಮನುಷ್ಯನ ನಗುವಿಲ್ಲದಿದ್ದರೆ ನನಗೆ ಊಟ ರುಚಿಸುವುದಿಲ್ಲ, ಅದೇ ತೊಂದರೆ.

ಅಕ್ಟೋಬರ್ 24, ಶುಕ್ರವಾರ, ಸಂಜೆ

ಯಾ ರಬ್. ನೆಲ ಬಾಯಿಬಿಟ್ಟು ನುಂಗಬಾರದಿತ್ತೇ ನನ್ನನ್ನು.

ಬರೆಯುತ್ತೇನೆ. ಯಾರು ಓದುತ್ತಾರೆ?

ಮಧ್ಯಾಹ್ನದ ನಮಾಜ್ ಮುಗಿದ ಮೇಲೆ ಹೋದೆವು. ಐವರೂ. ದಾರಿಯಲ್ಲಿರುವವರೂ ಇವತ್ತು ಮಾತ್ರ ದಾರಿ ಮುಗಿಸಿ ಬಂದಿದ್ದರು. ಮೇಡಂ ಕಪ್ಪು ಕಸೂತಿಯ ನಿಲುವಂಗಿ, ವಾಯ್ಲೆಟ್ ಈಸ್ಟರ್ ಕೋಟು, ನಾನು ಹೊಸ ಶೂ. ಕಚ್ಚುತ್ತಿತ್ತು. ಅಬೂ ರಾತಿಬ್ ಬಾಗಿಲಲ್ಲೇ ನಿಂತಿದ್ದರು. ಗಂಡಸರ ಜಾಹಕ್ಕೆ ಏನು ಮರ್ಯಾದೆಯೋ ಅದೇ ಮರ್ಯಾದೆ ನಮಗೂ. ತಾವೇ ನಿಂತು ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿದರು. ಒಬ್ಬೊಬ್ಬರೂ ಬಟ್ಟಲು ತೆಗೆದುಕೊಂಡು ಮುಂದಿನ ಸ್ಟೂಲಿನ ಮೇಲಿಟ್ಟೆವು. ಎಲ್ಲ ಸರಿಯಾಗಿತ್ತು. ಒಳಬಾಗಿಲ ಪರದೆಯ ಹಿಂದೆ ಖಿತಾಮ್ ಇದ್ದಾಳೆಂದು ಗೊತ್ತಾಗುತ್ತಿತ್ತು. ಪರದೆ ಉಸಿರಾಡುತ್ತಿತ್ತು.

ಮೇಡಂ ಗಂಟಲು ಸರಿಮಾಡಿಕೊಂಡರು.

ದೇವರಿಗೆ ಸ್ತುತಿ. ಸಲ್ತ್ ಊರಿನ ಹಿರಿಮೆ. ಅಬೂ ರಾತಿಬ್ ಅವರ ಅಜ್ಜನ ಔದಾರ್ಯ. ಆಮೇಲೆ ಸಂಘ ಹುಟ್ಟಿದ ಕಥೆ. ಸಂಘದ ಮೊದಲ ಒಲೆ. ಎರಡನೇ ಒಲೆಗೆ ಬಂದಾಗ ವಾಯ್ಲೆಟ್ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಯಾಕೆ ಎಂದು ತಿರುಗಿದೆ. ಅವಳ ಕಣ್ಣು ನನ್ನ ಕೈ ಮೇಲೆ. ನನ್ನ ಕೈಯಲ್ಲಿ ಬಟ್ಟಲು. ಬಟ್ಟಲು ಖಾಲಿ!

ಕುಡಿದದ್ದಷ್ಟೇ ಅಲ್ಲ. ಸಾಕು, ಇನ್ನು ಬೇಡ ಎನ್ನಲು ಬಟ್ಟಲನ್ನು ಕುಲುಕುತ್ತೇವಲ್ಲ, ಅದನ್ನೂ ಕುಲುಕುತ್ತಿದ್ದೆ. ಚೆನ್ನಾಗಿ ಕುಲುಕುತ್ತಿದ್ದೆ.

ಮೇಡಂ ಮಾತು ಅರ್ಧಕ್ಕೇ ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲವಿರಬೇಕು. ಇಡೀ ಕೋಣೆ ನನ್ನ ಕೈಯನ್ನೇ ನೋಡುತ್ತಿತ್ತು.

ಅಬೂ ರಾತಿಬ್ ಎದ್ದರು. ನಿಧಾನವಾಗಿ ಬಂದು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ!

“ಉಮ್ ಝೈದೂನ್ ಕುಡಿದ್ರು. ಅಂದ್ಮೇಲೆ ನೀವು ಕಾಫಿಗೆ ಬಂದಿದ್ದೀರಿ. ಬಹಳ ಸಂತೋಷ. ನಮ್ಮನೆ ಬೆಳಗ್ತು. ಉಳಿದವರೂ ಕುಡೀರಿ, ಆರಿ ಹೋಗುತ್ತೆ.”

ಏನು ಮಾಡುವುದು? ಕುಡಿದರು. ಮೇಡಂ ಬಾಯಿಂದ ವ್ಯಾನು ಎಂಬ ಶಬ್ದ ಹೊರಡುವ ಮೊದಲೇ ಎಲ್ಲ ಮುಗಿದಿತ್ತು. ಪರದೆಯ ಹಿಂದೆ ಯಾರೋ ಒಳಗೆ ನಡೆದು ಹೋದ ಸದ್ದಾಯಿತು. ಆ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಅಕ್ಟೋಬರ್ 25, ಶನಿವಾರ

ಕಾಫಿ ಡಬ್ಬಿ ಅಟ್ಟದ ಮೇಲಿಟ್ಟೆ. ಅಬೂ ಝೈದೂನ್ ತಾವೇ ಹತ್ತಿ ಇಳಿಸಿಕೊಂಡರು. ಇವತ್ತು ಮಾತ್ರ ನಗಲಿಲ್ಲ.

ಅಕ್ಟೋಬರ್ 27, ಸೋಮವಾರ

ಮೀಟಿಂಗಿಗೆ ಹೋಗಲಿಲ್ಲ. ಬೋರ್ಡ್ ಬಿಡುತ್ತೇನೆಂದು ವಾಯ್ಲೆಟ್‌ಗೆ ಫೋನ್ ಮಾಡಿದೆ.

“ಕಾಫಿ ಕುಡಿದಿದ್ದಕ್ಕೆ ರಾಜೀನಾಮೆನಾ? ನೀನು ಹೋದ್ರೆ ಮೇಡಂ ಮುಂದೆ ನಾನೊಬ್ಬಳೇ ಕೂತ್ಕೋಬೇಕು. ಆ ಪಾಪ ಮಾಡಬೇಡ.”

“ಆ ಹುಡುಗಿಗೆ ಯಾವ ಮುಖ ತೋರಿಸ್ಲಿ ವಾಯ್ಲೆಟ್? ಆಸೆ ಹುಟ್ಟಿಸಬೇಡಿ ಅಂದಿದ್ಲು.”

ಕೆಲಸಕ್ಕೆ ಖಿತಾಮ್ ಬಂದಿದ್ದಳಂತೆ. ತಲೆ ತಗ್ಗಿಸಿಕೊಂಡು ಅಕ್ರೋಡು ಒಡೆದಳಂತೆ.

ನವೆಂಬರ್ 2, ಭಾನುವಾರ

ವಿಚಿತ್ರ. ಹಮ್ಮಾಮ್ ಬೀದಿಯಲ್ಲಿ ಝಾತರ್ ಮಸಾಲೆಪುಡಿ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಒಂದು ಹಿಡಿ ಹೆಚ್ಚಿಗೆ ಹಾಕಿ, “ಮುಬಾರಕ್ ಉಮ್ ಝೈದೂನ್! ಅಂತೂ ಅಬೂ ರಾತಿಬ್‌ನ ಒಪ್ಪಿಸಿಬಿಟ್ರಂತೆ. ನಮ್ಮ ಗಂಡಸರ ಕೈಲೂ ಆಗ್ತಿರಲಿಲ್ಲ” ಎಂದ.

“ಯಾರಪ್ಪ ಹೇಳಿದ್ದು?”

“ಊರಿಗೆ ಗೊತ್ತು. ಜಾಹ ಕಾಫಿ ಕುಡಿದು ಹೋಯ್ತಂತಲ್ಲ. ಸುಮ್ನೆ ಕುಡೀತಾರಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಹಿಂದಿದ್ದ ಇಬ್ಬರು ಹೆಂಗಸರು ಆಗಲೇ ನನ್ನ ಕೆನ್ನೆಗೆ ಮುತ್ತು ಕೊಡುತ್ತಿದ್ದರು. ಝಾತರ್ ಹಿಡಿದುಕೊಂಡು ಓಡಿ ಬಂದೆ.

ನವೆಂಬರ್ 5, ಬುಧವಾರ

ಖಿತಾಮ್ ಮನೆಗೇ ಬಂದಳು. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಒಳಗೆ ಬಂದವಳೇ ಸೋಫಾ ಮೇಲೆ ಬಿದ್ದು ನಗತೊಡಗಿದಳು.

ಇದೆಲ್ಲ ಅತ್ತೆ ಉಮ್ ರಾತಿಬ್ ಕೆಲಸ! ಜಾಹ ಮುಗಿದ ಮರುದಿನ ನೆರೆಯವರು ‘ಏನಾಯ್ತು’ ಎಂದು ಕೇಳಿದ್ದಾರೆ. ಆಕೆ ಓಲಿವ್ ಆರಿಸುತ್ತ, ತಲೆ ಎತ್ತದೆ, “ಬಂದ್ರು, ಕಾಫಿ ಕುಡಿದು ಹೋದ್ರು” ಎಂದಿದ್ದಾರೆ. ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ.

ಈಗ ಮಸೀದಿಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲೆಂದರಲ್ಲಿ ಅಬೂ ರಾತಿಬ್ ಕೈ ಕುಲುಕುತ್ತಿದ್ದಾರೆ ಜನ. ಮನೆಗೆ ಬಂದು ಹೆಂಡತಿ ಮೇಲೆ ಹಾರಾಡಿದರಂತೆ.

“ಯಾಕೆ ಹೇಳ್ದೆ ಹಾಗಂತ?”

“ಕುಡೀಲಿಲ್ವಾ? ಸುಳ್ಳು ಹೇಳ್ಬೇಕಿತ್ತಾ ಈ ವಯಸ್ಸಲ್ಲಿ?”

“ಮಾವ ಎರಡು ದಿನದಿಂದ ಊಟಕ್ಕೆ ಕೂತ್ರೂ ಮಾತಿಲ್ಲ ಖಾಲಾ. ಏನ್ಮಾಡ್ತಾರೋ ಗೊತ್ತಿಲ್ಲ” ಎನ್ನುವಾಗ ಅವಳ ನಗು ನಿಂತಿತ್ತು. ಒಂದು ಮಾತಿನಲ್ಲಿ ಅವರು ಎಲ್ಲವನ್ನೂ ಅಳಿಸಿಹಾಕಬಹುದು. ಅವಳಿಗೂ ಗೊತ್ತು, ನನಗೂ ಗೊತ್ತು.

ನವೆಂಬರ್ 8, ಶನಿವಾರ

ಅಬೂ ರಾತಿಬ್ ಬಂದಿದ್ದರು. ಒಬ್ಬರೇ. ಅಬೂ ಝೈದೂನ್ ಸ್ವಾಗತ ಮಾಡಿ ಕೂರಿಸಿ, ಕಾಫಿ ಬಗ್ಗಿಸಿ ಕೊಟ್ಟರು.

ಅವರು ಬಟ್ಟಲು ತೆಗೆದುಕೊಂಡು ಮೇಜಿನ ಮೇಲಿಟ್ಟರು. ಮುಟ್ಟಲಿಲ್ಲ. ನಾವು ಗಂಡಹೆಂಡಿರು ಮುಖ ಮುಖ ನೋಡಿಕೊಂಡೆವು.

“ನಾನು ಉಮ್ ಝೈದೂನ್ ಹತ್ರ ಕೇಳೋಕೆ ಬಂದಿದ್ದೀನಿ” ಎಂದರು, ನನ್ನ ಕಡೆ ತಿರುಗಿ. “ಊರೆಲ್ಲ ನಂಗೆ ಮುಬಾರಕ್ ಹೇಳ್ತಿದೆ. ನನ್ನ ಮನೆಗೆ ಜಾಹ ಬಂದು, ಕಾಫಿ ಕುಡಿದು, ಬರಿಗೈಲಿ ಹೋಯ್ತು ಅಂತ ಯಾರ ಹತ್ರ ಹೇಳ್ಲಿ? ನಮ್ಮಪ್ಪನ ಕಾಲದಿಂದ ಹಾಗಾಗಿಲ್ಲ.”

“ತಪ್ಪು ನಂದು. ನಾನೇ ಎಲ್ಲರಿಗೂ ಹೇಳ್ತೀನಿ” ಎಂದೆ. ನಿಜವಾಗಿ ಹೇಳುವವಳೇ ಇದ್ದೆ.

“ಬೇಡ. ಕೇಳಿ ಪೂರ್ತಿ” ಎಂದರು. “ಇವನು ಹಳೇ ಕಾಲದವನು, ಹೆಂಗಸಿನ ಕೈಗೆ ಸ್ಟೀರಿಂಗ್ ಕೊಡಲ್ಲ ಅಂತಾರೆ ಜನ. ಅನ್ಲಿ ಅಂತ ಬಿಟ್ಟಿದ್ದೆ. ಹೆದ್ರಿಕೊಂಡಿದಾನೆ ಅನ್ನೋದಕ್ಕಿಂತ ಅದೇ ವಾಸಿ. ಕಣಿವೆ ರಸ್ತೆ ಎರಡನೇ ತಿರುವಲ್ಲಿ ನನ್ನ ಮಗನ್ನ ಎತ್ಕೊಂಡು ಬಂದೆ ನಾನು. ಈ ಕೈಯಲ್ಲೇ. ಸೊಸೆ ಚೆನ್ನಾಗಿ ಓಡಿಸ್ತಾಳೆ, ಗೊತ್ತು. ಅವನೂ ಚೆನ್ನಾಗಿ ಓಡಿಸ್ತಿದ್ದ.”

ಅಬೂ ಝೈದೂನ್ ಕಣ್ಣೊರೆಸಿಕೊಂಡರು. ನಾನೂ.

ಎರಡು ಬೇಡಿಕೆ ಇಟ್ಟರು. ವ್ಯಾನು ಮೇಲಿನ ರಸ್ತೆಯಲ್ಲೇ ಹೋಗಬೇಕು, ಕಣಿವೆಗೆ ಇಳಿಯಬಾರದು. ಮತ್ತೆ, ಅವರ ಮನಸ್ಸಿಗೆ ಧೈರ್ಯ ಬರುವವರೆಗೆ ಪಕ್ಕದ ಸೀಟಿನಲ್ಲಿ ಅವರು ಕೂರಬೇಕು.

ಮೇಲಿನ ರಸ್ತೆ ಸುತ್ತು. ಡೀಸೆಲ್ ಜಾಸ್ತಿ. ಯರ್ಕಾ ಹಳ್ಳಿಯ ಕೆಳಮನೆಯವರು ದಿಬ್ಬ ಹತ್ತಿ ಬರಬೇಕು. ಗಂಡಸು ಕೂತರೆ ಹೆಂಗಸರು ಏನೆನ್ನುತ್ತಾರೋ. ಇವೆಲ್ಲ ಬೋರ್ಡ್ ಕೂತು, ಚರ್ಚೆ ಮಾಡಿ, ಮತ ಹಾಕಿ ತೀರ್ಮಾನಿಸಬೇಕಾದ ವಿಷಯ. ಒಬ್ಬ ಟ್ರಸ್ಟಿ ಮಾತು ಕೊಡುವಂತಿಲ್ಲ. ಮೇಡಂ ನಿಯಮ ಓದಿ ಹೇಳಿದ್ದಾರೆ, ಒಂದಲ್ಲ ಹತ್ತು ಸಲ.

ಎದುರಿಗೆ ಕಾಫಿ ಆರುತ್ತಿತ್ತು. ಆ ಮನುಷ್ಯ ಅದನ್ನು ನೋಡುತ್ತಲೂ ಇರಲಿಲ್ಲ. ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

“ಕುಡೀರಿ ಅಬೂ ರಾತಿಬ್. ನೀವು ಬಂದ ಕೆಲಸ ಆಯ್ತು” ಎಂದೆ.

ನವೆಂಬರ್ 10, ಸೋಮವಾರ

“ಯಾರನ್ನ ಕೇಳಿ ಮಾತು ಕೊಟ್ರಿ?” ಮೇಡಂ ಕನ್ನಡಕ ತೆಗೆದರು. ತೆಗೆದರೆ ಅಪಾಯ.

“ಕಾಫಿ ಆರ್ತಿತ್ತು ಮೇಡಂ.”

“ಮೊದಲು ಕೇಳದೆ ಕುಡಿದ್ರಿ. ಈಗ ಕೇಳದೆ ಕುಡಿಸಿದ್ರಿ!”

ಆಮೇಲೆ ಭಾಷಣ. ಟ್ರಸ್ಟಿಯ ಹೊಣೆ, ಬೋರ್ಡಿನ ಶಿಸ್ತು, ಮೊದಲ ಒಲೆ. ನನ್ನ ಕೈ ಬಟ್ಟಲಿಗೆ ಹೋಯಿತು. ಮಾತು ನಿಂತಿತು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ವಾಯ್ಲೆಟ್ ಮೊದಲು ನಕ್ಕಳು, ಕೊರೆದ ಕೋಸಾ ಕೈಜಾರಿ ಮೇಜಿನ ಕೆಳಗೆ ಉರುಳಿತು. ಕೊನೆಗೆ ಮೇಡಂ ಕೂಡ. ಅವರಿಗೆ ಇಷ್ಟು ಚೆಂದದ ಹಲ್ಲುಗಳಿವೆ ಎಂದು ಗೊತ್ತೇ ಇರಲಿಲ್ಲ.

ಮತ ಹಾಕಿದೆವು. ಎಲ್ಲರೂ ಹೂಂ. ರಾಜೀನಾಮೆ ಮಾತು ಯಾರೂ ಎತ್ತಲಿಲ್ಲ, ನಾನಂತೂ ಎತ್ತಲಿಲ್ಲ. ಈ ಕಿಟಕಿ ಮುಚ್ಚಿದ ಕೋಣೆ, ಈ ಹೆಂಗಸರು… ಬಿಟ್ಟಿದ್ದರೆ ಸೋಮವಾರ ಏನು ಮಾಡುತ್ತಿದ್ದೆ?

ನವೆಂಬರ್ 16, ಭಾನುವಾರ

ಮೊದಲ ದಿನ. ಟ್ರಸ್ಟಿ ಎಂಬ ನೆಪ ಹೇಳಿ ನಾನೂ ವ್ಯಾನಿನಲ್ಲಿ ಹೋದೆ.

ಮುಂದೆ ಅಬೂ ರಾತಿಬ್, ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಜಪಮಣಿ. ಹಿಂದೆ ಹೆಂಗಸರು ಪರೀಕ್ಷೆಗೆ ಕೂತ ಹಾಗೆ ಸುಮ್ಮನೆ. ಪ್ರತಿ ತಿರುವಿನಲ್ಲೂ ಅಬೂ ರಾತಿಬ್ ಬಲಗಾಲು ನೆಲವನ್ನು ಒತ್ತುತ್ತಿತ್ತು.

“ಮಾವ, ಬ್ರೇಕ್ ನನ್ನ ಕಡೆ ಇದೆ” ಎಂದಳು ಖಿತಾಮ್.

“ನೀನು ಒತ್ತು, ನಾನೂ ಒತ್ತಿರ್ತೀನಿ” ಎಂದರು.

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಂದ ಮುಂದೆ ಯಾರೂ ಪರೀಕ್ಷೆಗೆ ಕೂತ ಹಾಗಿರಲಿಲ್ಲ.

ನವೆಂಬರ್ 25, ಮಂಗಳವಾರ

ದೂರು ಬಂದಿದೆ. ಅಬೂ ರಾತಿಬ್ ಇದ್ದಾರೆಂದು ಹೆಂಗಸರು ಅತ್ತೆಯರನ್ನು ಬೈಯಲು ಆಗುತ್ತಿಲ್ಲವಂತೆ. ಎರಡನೇ ದೂರು: ಅವರೇ ಈಗ ನ್ಯಾಯ ಹೇಳುತ್ತಿದ್ದಾರಂತೆ. ನಿನ್ನೆ ಯರ್ಕಾದ ಒಬ್ಬಳಿಗೆ “ನಿಮ್ಮತ್ತೆದೇ ತಪ್ಪು” ಎಂದರಂತೆ. ಅವಳಿಗೆ ಖುಷಿಯೋ ಖುಷಿ. ಮಕ್ದೂಸ್ ಮುಗಿಯಿತು. ಈಗ ಓಲಿವ್. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಹೆಂಗಸರು. ನೋಡುತ್ತ ನಿಂತುಬಿಟ್ಟೆ. ಮನಸ್ಸು ತುಂಬಿತು.

ಡಿಸೆಂಬರ್ 2, ಮಂಗಳವಾರ

ಬೆಳಿಗ್ಗೆ ಮಂಜು. ಎದುರುಮನೆ ಕಾಣದಷ್ಟು. ಇವತ್ತು ವ್ಯಾನು ಬರುವುದಿಲ್ಲ ಎಂದುಕೊಂಡು ಸಂಘಕ್ಕೆ ಹೋದರೆ, ಬಾಗಿಲಲ್ಲಿ ನಿಂತಿದೆ! ಹೆಂಗಸರು ಇಳಿಯುತ್ತಿದ್ದಾರೆ. ಮುಂದಿನ ಸೀಟು ಖಾಲಿ.

“ಮಾವ ಎಲ್ಲೇ? ಇಂಥ ದಿನಾನೇ ಬಂದಿಲ್ವಾ?”

ಖಿತಾಮ್ ಕೈಗೆ ಬಾಯಿಂದ ಬಿಸಿ ಊದಿಕೊಳ್ಳುತ್ತಿದ್ದಳು. “ಬೆಳಿಗ್ಗೆ ಎದ್ದು ಗಾಜೆಲ್ಲ ಒರೆಸಿಕೊಟ್ರು ಖಾಲಾ. ಕೀಲಿ ಕೈಗಿಟ್ರು. ‘ಇಂಥ ಮಂಜಲ್ಲಿ ನಾನು ಪಕ್ಕದಲ್ಲಿದ್ರೆ ನೀನು ನನ್ನ ಮುಖ ನೋಡ್ತೀಯ. ರಸ್ತೆ ನೋಡು, ಹೋಗು’ ಅಂದ್ರು.”

ಅಪ್ಪಿಕೊಂಡೆ. ಇಬ್ಬರೂ ಅತ್ತೆವು, ಬೀದಿಯಲ್ಲೇ, ನಾಚಿಕೆ ಇಲ್ಲದೆ.

ಸಂಜೆ, ಅದೇ ದಿನ

ಮಂಜು ಮತ್ತೆ ಇಳಿದಿದೆ. ಹೆಂಗಸರನ್ನು ಬಿಟ್ಟು ಬರಲು ಖಿತಾಮ್ ಹೊರಟು ಬಹಳ ಹೊತ್ತಾಯಿತು. ಅಬೂ ರಾತಿಬ್ ಫೋನ್.

“ಹೊರಟಳಾ?”

“ಆಗಲೇ ಹೊರಟಳು.”

“ಒಳ್ಳೇದು” ಎಂದರು. ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. “ಏನಾದ್ರೂ ಮಾತಾಡ್ತಾ ಇರಿ, ಉಮ್ ಝೈದೂನ್” ಎಂದರು.

ಮಾತಾಡುತ್ತಿದ್ದೇನೆ. ಓಲಿವ್ ಬಗ್ಗೆ. ಎಣ್ಣೆ ಈ ಸಲ ಖಾರವಾಗಿದೆ ಎಂದೆ, ಹೌದು ಎಂದರು. ಸಂಘದ ಮೊದಲ ಒಲೆಯ ಕಥೆ ಕೂಡ ಹೇಳಿಬಿಟ್ಟೆ. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೆನ್ನು, ಬರೆಯುತ್ತಿದ್ದರೆ ಗಡಿಯಾರ ನೋಡುವುದು ತಪ್ಪುತ್ತದೆ. ಆ ಕಡೆ ಜಪಮಣಿ ಟಕ್ ಟಕ್. ಉಮ್ ರಾತಿಬ್ ದೂರದಿಂದ ‘ಕಿಟಕಿ ಹಾಕಿ’ ಅನ್ನುತ್ತಿದ್ದಾರೆ. ಇವರು ಹಾಕುವುದಿಲ್ಲ, ಚಳಿಯಾದರೂ ಹಾಕುವುದಿಲ್ಲ.

ಟಕ್ ಟಕ್ ನಿಂತಿತು.

“ತಾಳಿ” ಎನ್ನುತ್ತಿದ್ದಾರೆ.

ಹಾರ್ನ್. ನನಗೂ ಕೇಳಿಸಿತು! ಅಗೋ ಮತ್ತೆ. ಕುರ್ಚಿ ಬಿದ್ದ ಸದ್ದು… ಮೆಟ್ಟಿಲು… ಫೋನ್ ಅಲ್ಲೇ ಬಿಟ್ಟು ಓಡಿದರು ಮುದುಕ, ‘ಚಪ್ಪಲಿ, ಚಪ್ಪಲಿ’ ಎಂದು ಹಿಂದಿನಿಂದ ಕೂಗಿದ ಉಮ್ ರಾತಿಬ್ ಈಗ ಫೋನಿಗೇ ಹೇಳುತ್ತಿದ್ದಾರೆ, ಬಂದ್ಲು, ಬಂದ್ಲು, ನಮ್ಮ ಖಿತಾಮ್—